ಉಳಿದ ಎರಡಕ್ಷರ

ಈ ಊರಿಗೆ ಸಾಗರ ಅಂತ ಹೆಸರು.
ಇಲ್ಲಿಂದ ಕಡಲಿಗೆ ಘಟ್ಟ ಇಳಿದು ಎರಡೂವರೆ ತಾಸು,
ಮಾಸ್ತಿಯ ಗಾಡಿಗಾದರೆ ಎರಡೇ.
ಹೊನ್ನಾವರದ ಬಂದರಿನಿಂದ ಅವನು ತರುವ ಐಸು
ನನ್ನ ಕಟ್ಟೆ ಮುಟ್ಟುವಾಗ ಅರ್ಧ ನೀರು.
ಬೆರಳದ್ದಿ ನೆಕ್ಕಿದರೆ ಈಗಲೂ ಉಪ್ಪು.

ನಾನು ಹುಟ್ಟಿದ್ದು ಅಳಿವೆಯ ಬಾಯಲ್ಲಿ, ಕಾಸರಕೋಡಿನಲ್ಲಿ.
ಮದುವೆಯಾಗಿ ಘಟ್ಟ ಹತ್ತಿದ ಮೇಲೆ
ಕಡಲನ್ನು ಹೊಟ್ಟೆ ಸೀಳಿಯೇ ನೋಡಿದ್ದು.
ಮೂವತ್ತೊಂದು ವರ್ಷ. ಮೂರು ಕತ್ತಿ ಸವೆದವು.
ಇಸವಾಣದೊಳಗೆ ತಾರಲೆ,
ತಾರಲೆಯೊಳಗೆ ಹಸಿರು ಗಂಜಿ,
ಮಳೆಗಾಲಕ್ಕೆ ಮುಂಚೆ ಎಲ್ಲದರೊಳಗೂ ಮೊಟ್ಟೆ.
ಕಡಲು ಏನು ಉಂಡಿತು ಅಂತ
ಘಟ್ಟದ ಮೇಲೆ ಮೊದಲು ಗೊತ್ತಾಗುವುದು ನನಗೆ.

ಈಗೀಗ ತಕ್ಕಡಿಯ ಹಿಂದೆ ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೇನೆ.
ಬಲೆಯ ನೀಲಿ ಎಳೆ. ಗುಟ್ಕಾ ಚೀಟಿಯ ಮೂಲೆ.
ಯಾರದೋ ಮಗುವಿನ ಚಪ್ಪಲಿಯ ಬಕಲು.
ಅಕ್ಕಿಯೆಂದುಕೊಂಡರೆ ಅಕ್ಕಿಯಲ್ಲ,
ಉಗುರಿಗೆ ಒಡೆಯದ ಬಿಳಿ ಕಾಳು.
ಗಿರಾಕಿಗಳಿಗೆ ತೋರಿಸುವುದಿಲ್ಲ.
ತೋರಿಸಿದರೆ ಕೋಳಿ ಅಂಗಡಿಗೆ ಹೋಗುತ್ತಾರೆ.

ತಾರಲೆ ಕಮ್ಮಿ ಅಕ್ಕಾ, ಅನ್ನುತ್ತಾನೆ ಮಾಸ್ತಿ,
ಬಲೆ ಎಳೆದರೆ ಅರ್ಧ ಮೀನು, ಅರ್ಧ ಕೊಟ್ಟೆ.
ಬಳಚು ಹೆಕ್ಕುವ ಹೆಂಗಸರು ಅಳಿವೆಯಲ್ಲಿ ಕಾಲಾಡಿಸಿದರೆ
ಕೆಸರಿಗೆ ಮೊದಲು ನುಣ್ಣಗೆ ಏನೋ ತಾಗುತ್ತದಂತೆ,
ಹಾವಿನ ಪೊರೆಯ ಹಾಗೆ.
ಕಳೆದ ಅಮಾಸೆಗೆ ಒಂದು ಆಮೆ ದಡಕ್ಕೆ ಬಿತ್ತು,
ಬಾಯಿಂದ ಕೊಟ್ಟೆಯ ಬಾಲ ಇಳಿಬಿಟ್ಟುಕೊಂಡು.
ಅರಿಶಿನ ಹಚ್ಚಿ ಹೂತರು.
"ಎಂತ ಮಾಡೂದು," ಅಂದು ಬುಟ್ಟಿ ಇಳಿಸುತ್ತಾನೆ.

ಮೊನ್ನೆ ಬುಧವಾರ, ಐದು ಕೇಜಿಯ ಇಸವಾಣ.
ಸೀಳಿದೆ. ಕರುಳಿಗೆ ಸುತ್ತಿಕೊಂಡ ಒಂದು ತುಂಡು,
ಹಳದಿ, ಅಂಗೈಯಷ್ಟೂ ಇಲ್ಲ.
ನಲ್ಲಿಯ ಕೆಳಗೆ ಹಿಡಿದೆ. ಅಕ್ಷರ ಕಂಡವು, ಕನ್ನಡದವು.
ಮೇಲಿನ ಸಾಲು ಅಳಿಸಿತ್ತು.
ಕೆಳಗೆ: ಗರ – ೫೭೭೪
ಆಮೇಲೆ ಹಲ್ಲಿನ ಗುರುತು.

ಗರ.
ಹೊಸನಗರ ಇರಬಹುದು, ಅದರ ಪಿನ್ನೂ ಹಾಗೇ ಶುರು.
ನಮ್ಮೂರೇ ಇರಬಹುದು,
ಮುಂದಿನ ಸಾ ಮಾತ್ರ ಮೀನು ತಿಂದು ಮುಗಿಸಿದ್ದು.
ನಾಲ್ಕನೇ ಕ್ಲಾಸಿನ ಓದು ನನ್ನದು, ಇಷ್ಟು ಸಾಕು.
ಸಾ ಒಂದನ್ನೇ ಬರೆದು ನೋಡಿ,
ಯಾರೋ ಬಯ್ಯಲು ಶುರು ಮಾಡಿ ನಿಲ್ಲಿಸಿದ ಹಾಗಿರುತ್ತದೆ.

ಹಳದಿ ಚೂಡಾ ಪೊಟ್ಟಣ.
ಜೋಗದ ಕಂಬಿಗೆ ಒರಗಿ ನಾವೂ ತಿಂದಿದ್ದೆವು,
ಲೋಹಿತ ಐದು ವರ್ಷದವನಿದ್ದಾಗ, ದಸರೆ ರಜೆಯಲ್ಲಿ.
ಖಾಲಿ ಪೊಟ್ಟಣ ಅವನ ಕೈಗೆ ನಾನೇ ಕೊಟ್ಟು
ಬಿಡು ಮಗಾ, ಹೇಗೆ ಹಾರುತ್ತೆ ನೋಡು, ಅಂದಿದ್ದೆ.
ಗಾಳಿಗೆ ಅದು ಕೆಳಗಿಳಿಯದೆ ಮೇಲೆ ಬಂತು,
ಒಂದು ಸಲ, ಎರಡು ಸಲ,
ಒಲ್ಲೆ ಒಲ್ಲೆ ಅಂದ ಹಾಗೆ.
ಚಪ್ಪಾಳೆ ತಟ್ಟಿ ಕಳಿಸಿದೆವು.
ಲೋಹಿತನಿಗೀಗ ಮೀಸೆ ಬಂದಿದೆ.
ಇದಕ್ಕೆ ವಯಸ್ಸೇ ಆಗಿಲ್ಲ.

ಅದೇ ಇದು ಅನ್ನಲಾರೆ.
ಆ ದಿನ ಕಂಬಿಯ ಉದ್ದಕ್ಕೂ ತಿನ್ನುವವರೇ ಇದ್ದರು.
ಆದರೆ ಶರಾವತಿ ಹೋಗಿ ಸೇರುವುದು ನನ್ನ ತವರನ್ನು.
ಇಷ್ಟು ವರ್ಷದಲ್ಲಿ ತವರಿಗೆ ನಾನು ಕಳಿಸಿದ್ದು
ಇದೊಂದೇ ಇರಬೇಕು.
ವಾಪಸು ಬಂತು, ಐಸು ಹಾಕಿಸಿಕೊಂಡು.

ಬಾಟಲಿಗೆ ಹಾಕಲಿಲ್ಲ.
ನೋಟಿನ ಜೊತೆ ಮಡಚಿ ರವಿಕೆಯೊಳಗಿಟ್ಟೆ.
ಮೀನು ತೊಳೆದೆ. ಮತ್ತೆ ತೊಳೆದೆ.
ಹೇಳಿಟ್ಟವರು ಬಂದರು, ಸ್ಕೂಟರು ಆರಿಸದೆ:
ಕೊಟ್ಟೆಯಲ್ಲಿ ಹಾಕಿ ಕೊಡಿ.
ಚೀಲ ತಂದಿಲ್ಲವಾ ಅಂದೆ.
ಇಲ್ಲ.

ಮೊಳೆಗೆ ಸಿಕ್ಕಿಸಿದ ಕೊಟ್ಟೆಯ ಕಟ್ಟಿನ ಕಡೆ
ಕೈ ತಾನಾಗಿ ಹೋಯಿತು,
ಹೋಗಿ, ಗರ ಬಡಿದ ಹಾಗೆ ಅಲ್ಲೇ ನಿಂತಿತು.

ಬೇಗ ಅಕ್ಕಾ, ಅಂದರು.
ಮಸಾಲೆ ರುಬ್ಬಿ ಆಗಿದೆ.