ಹುಣಸೆಬೀಜದ ಅಂಟು

ಚಳ್ಳಕೆರೆ ಕಾವಲು. ಮಾರ್ಗಶಿರದ ಮಂಜು,
ಮುಂದಿನ ಕುರಿಯ ಬಾಲ ಹಿಂದಿನ ಕುರಿಗೆ ಕಾಣದಷ್ಟು.
ಮೇಲೆ ಏನೋ ಗುರುಗುಟ್ಟಿತು,
ಬೀಸುಕಲ್ಲು ದಾರಿ ತಪ್ಪಿದ ಹಾಗೆ,
ಒಮ್ಮೆ ದುರ್ಗದ ಕಡೆ, ಒಮ್ಮೆ ನಮ್ಮ ಕಡೆ.
ಆಮೇಲೆ ಸದ್ದೇ ಇಲ್ಲ.

ಅದಕ್ಕೇ ಭಯವಾಗಿದ್ದು, ಅನ್ನುತ್ತಿದ್ದಳು ಮಾಳಜ್ಜಿ.

ಬಾದೆಹುಲ್ಲು ಸೀಳಿಕೊಂಡು ಇಳಿದಿತ್ತು:
ಒಂದರ ಮೇಲೊಂದು ರೆಕ್ಕೆ, ನಡುವೆ ತಂತಿ,
ಕೆಳಗಿನದರಲ್ಲಿ ಜಾಲಿ ಗೀರಿದ ಮೊಳದುದ್ದದ ಹರಕು.
ಚರ್ಮದ ಟೊಪ್ಪಿಯ ಬಿಳಿ ಹುಡುಗ
ಪಕ್ಕದಲ್ಲಿ ಕೂತು ವಾಂತಿ ಮಾಡುತ್ತಿದ್ದ.
ಊರವರು ಕಲ್ಲೆಸೆತದ ದೂರದಲ್ಲೇ ನಿಂತರು.
ಇವಳೊಬ್ಬಳು ಹೋಗಿ, ಹರಕಿನ ಅಂಚು ಹಿಡಿದು,
ಬೆರಳ ನಡುವೆ ತಿಕ್ಕಿ ನೋಡಿದಳು:

"ಅಯ್ಯೋ, ಬಟ್ಟೆ ಕಣ್ರೋ ಇದು!
ಗಂಜಿ ಹಾಕವ್ರೆ."

ದಬ್ಬಣ ತಂದಳು. ಅವನು ಬೇಡವೆಂದು ಕೈಯಾಡಿಸಿದ.
ಗಂಡನ ಮಾತನ್ನೇ ಕೇಳದವಳು
ತಿಳಿಯದ ಮಾತು ಕೇಳಿಯಾಳೆ?
ಕಂಬಳಿಗೆ ಹಾಕುವ ಹೊಲಿಗೆ, ಒತ್ತೊತ್ತಾಗಿ;
ಮೇಲೆ ಹುಣಸೆಬೀಜದ ಅಂಟು, ಬಿಸಿಬಿಸಿ.
ಮಂಜು ಹರಿದು ಬಿಸಿಲೇರಿದಾಗ ಬಟ್ಟೆ ಬಿಗಿದಿತ್ತು.
ಹುಡುಗ ಬೆರಳಲ್ಲಿ ತಟ್ಟಿದ.
ಡೊಳ್ಳಿನಂತೆ ನುಡಿಯಿತು.

ಆಗ ನಕ್ಕನಂತೆ, ಮೊದಲ ಸಲ.

ಹಾರಿಹೋದ.
ಕೊಟ್ಟ ಎಂಟಾಣೆ ಉಪ್ಪಿಗೆ, ಎಣ್ಣೆಗೆ ಆಯಿತು.
ಯಾವ ಊರ ಮೇಲೆ ಏನು ಸುರಿಯಲು ಹೊರಟಿತ್ತು ಆ ರೆಕ್ಕೆ
ಎಂದು ನಾನು ಕೇಳಿದ್ದು ಎಷ್ಟೋ ವರ್ಷದ ಮೇಲೆ,
ಶಾಲೆಯಲ್ಲಿ ನಾಲ್ಕಕ್ಷರ ಓದಿಕೊಂಡು ಬಂದು.

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು.
ಲಾಳಿ ನಿಂತಿತು.
"ಹರಿದಿತ್ತು, ಹೊಲಿದೆ," ಅಂದಳು.
ತುಸು ಹೊತ್ತು ಬಿಟ್ಟು,
"ಕರೀ ದಾರ ಹಾಕಿದ್ದೆ.
ಎಷ್ಟು ಮೇಲೆ ಹೋದ್ರೂ ಗುರುತು ಸಿಗ್ಲಿ ಅಂತ."