ತೊಗಲುಮೊಟ್ಟೆ

ನಿನ್ನೆಯಿಂದ ಗೂಡಿನ ಮೂಲೆ ಬಿಟ್ಟು ಕದಲಿಲ್ಲ.
ಕೂತರೆ ಏಳುತ್ತಾಳೆ, ಎದ್ದರೆ ತಿಣುಕುತ್ತಾಳೆ,
ಗರಿ ಉಬ್ಬಿಸಿ, ಬೆನ್ನು ನೆಟ್ಟಗೆ ಮಾಡಿ
ದಡ ಹತ್ತಿದ ಪೆಂಗ್ವಿನ್ ಹಾಗೆ.
ಈ ತಳಿಗೆ ಹುಟ್ಟಿನಿಂದಲೇ ಬಾಲವಿಲ್ಲ.
ಹೆಸರಿದೆ: ವಿಧವೆ.
ಮೈತುಂಬ ಕಪ್ಪು ನೋಡಿ ಒತಿಲಿಯಾ ಇಟ್ಟದ್ದು.

ಒತಿಲಿಯಾ ಇಲ್ಲಿಲ್ಲ.
ಪುಂತಾ ಅರೆನಾಸಿನಲ್ಲಿ ತಂಗಿಯ ಮಂಡಿ ಆಪರೇಷನ್ನು;
ಮೂರು ವಾರ ಅಂತ ಹೋದವಳಿಗೆ ಇದು ಐದನೆಯದು.
ಎಂಟು ಹೇಂಟೆ, ಒಂದು ಹುಂಜ, ಹೊಗೆಯುವ ಸೌದೆ ಒಲೆ,
ಎಲ್ಲ ನನ್ನ ಕೊರಳಿಗೆ.
ಬಲೆ ಹೆಣೆದ ಕೈ ಇದು.
ಗಂಟು ಗೊತ್ತು, ಗರಿ ಗೊತ್ತಿಲ್ಲ.

ಮೊದಲ ವಾರ ಯಾವಳೋ ಮೊಟ್ಟೆ ಕುಕ್ಕಿ ಕುಡಿಯುತ್ತಿದ್ದಳು.
ಕಳ್ಳಿ ಯಾರೆಂದು ಕೊಕ್ಕು ನೋಡಿ ಹಿಡಿದೆ, ಹಳದಿ ಒಣಗಿ ಅಂಟಿತ್ತು.
ಮರದಲ್ಲೊಂದು ಮೊಟ್ಟೆ ಕೆತ್ತಿ ಗೂಡಲ್ಲಿಟ್ಟೆ.
ಎರಡು ದಿನ ಕುಕ್ಕಿ, ತಲೆನೋವು ಬಂತೇನೋ, ಬಿಟ್ಟಳು.
ಈ ಕಥೆಯನ್ನು ಫೋನಿನಲ್ಲಿ ಹತ್ತು ಸಲ ಹೇಳಿದ್ದೇನೆ.

ಆಮೇಲೆ ಮೊಟ್ಟೆಯೇ ಕಡಿಮೆಯಾಯಿತು.
ಜೂನ್ ತಿಂಗಳು. ಅಚಾವೊದಲ್ಲಿ ಈಗ ಹಗಲೆಂದರೆ
ಬಾಗಿಲು ತೆರೆದು ಮುಚ್ಚಿದಷ್ಟು.
ಬೆಳಕಿಲ್ಲದೆ ಕೋಳಿ ಇಡೋದಿಲ್ಲ, ನಿನ್ನ ತಪ್ಪಲ್ಲ, ಅಂದಳು.
ನಿನ್ನ ತಪ್ಪಲ್ಲ!
ಮೂವತ್ತೊಂದು ವರ್ಷದ ಸಂಸಾರದಲ್ಲಿ
ಆ ಮಾತು ಕೇಳಿದ್ದು ಇದೇ ಮೊದಲಿರಬೇಕು.

ಇವತ್ತು ದನಿ ಬೇರೆ.
"ಹೊಟ್ಟೆ ಮುಟ್ಟಿ ನೋಡು. ಏನಾದರೂ ಸಿಗುತ್ತಾ?"
ಸಿಗುತ್ತೆ. ಕಾಲುಗಳ ನಡುವೆ, ಬಿಸಿಯಾಗಿ,
ಗಟ್ಟಿಯೆಂದರೆ ಗಟ್ಟಿಯಲ್ಲ,
ಗಾಳಿ ತುಂಬಿದ ಬಲೆಬುರುಡೆಯ ಹಾಗೆ ಬಿಗಿ.
"ಒತ್ತಬೇಡ, ಎಲಿಸೆಯೊ. ಒಳಗೆ ಒಡೆದರೆ ಅವಳು ಉಳಿಯೋದಿಲ್ಲ."
ಪಶುವೈದ್ಯ ಇರುವುದು ಕಾಸ್ತ್ರೊದಲ್ಲಿ.
ಗಾಳಿಗೆ ದೋಣಿ ನಿಂತಿದೆ.

ಬಟ್ಟೆ ಒಗೆಯುವ ತೊಟ್ಟಿ, ಕೆಟಲಿನ ನೀರು.
"ಮೊಣಕೈ ಅದ್ದಿ ಹದ ನೋಡು,
ಕೂಸಿಗೆ ನೋಡ್ತಾರಲ್ಲ, ಹಾಗೆ."
ಆ ಹದ ನಾವು ಯಾವತ್ತೂ ನೋಡಿದವರಲ್ಲ.
ಅವಳು ಮುಂದೆ ಏನೂ ಹೇಳಲಿಲ್ಲ,
ನಾನು ಮೊಣಕೈ ಅದ್ದಿದೆ.

ವಿಧವೆ ಒಮ್ಮೆ ಕಿರುಚಿದಳು, ರೆಕ್ಕೆ ಬಡಿದು
ನನ್ನ ಕನ್ನಡಕ ತೋಯಿಸಿದಳು,
ಆಮೇಲೆ ಇದ್ದಕ್ಕಿದ್ದಂತೆ ಒಪ್ಪಿಕೊಂಡಳು.
ಗರಿಯೆಲ್ಲ ಬಿಚ್ಚಿ ನೀರಲ್ಲಿ ಹರಡಿತು.
ಕೆಳಗಿನಿಂದ ರೆಪ್ಪೆ ಮೇಲೇರಿತು.
ಎದೆ ನನ್ನ ಅಂಗೈಯಲ್ಲಿ ಓಡುತ್ತಿತ್ತು, ಅಷ್ಟು ಸಣ್ಣ ಎದೆ,
ಅಷ್ಟೊಂದು ಅವಸರ.

ಬೆರಳಿಗೆ ಎಣ್ಣೆ. ಅದರ ವಿಚಾರ ಬೇಡ.

ಟವೆಲಿನಲ್ಲಿ ಸುತ್ತಿ, ಒಲೆಯ ಪಕ್ಕ,
ಸೇಬಿನ ಮರದ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಕೂರಿಸಿದೆ.
ಮೇಜಿನ ಮೇಲೆ ಫೋನು, ಇಬ್ಬರೂ ಕೆಳಗಿಡಲಿಲ್ಲ.
ಆ ಕಡೆ ತಂಗಿಯ ಟೀವಿ, ಚಮಚದ ಸದ್ದು,
ಈ ಕಡೆ ಸೌದೆ ಸಿಡಿಯುವುದು.
ಒಂದೂವರೆ ಗಂಟೆ.

ಪಚಕ್.

ದೀಪಕ್ಕೆ ಹಿಡಿದೆ. ಚಿಪ್ಪಿಲ್ಲ.
ಬರೀ ತೊಗಲು, ಹಲ್ಲಿಲ್ಲದವರ ಕೆನ್ನೆಯಂತೆ
ಬೆರಳಿಗೆ ಬಗ್ಗಿತು.
"ನೀಲಿ ಇದೆಯಾ?" ಅಂತ ಕೇಳಿದಳು.
ನಮ್ಮ ಹೇಂಟೆಗಳ ಮೊಟ್ಟೆ ನೀಲಿ; ಅದೇ ಅವಳ ಹೆಮ್ಮೆ,
ಚರ್ಚಿನ ಮೆಟ್ಟಿಲ ಬಳಿ ಅದನ್ನೇ ಹೇಳಿ ಮಾರುತ್ತಾಳೆ.
ನೀಲಿ ಇರುವುದು ಚಿಪ್ಪಿನಲ್ಲಿ.
"ನೀಲಿ" ಅಂದೆ.

ಸ್ವಲ್ಪ ಹೊತ್ತು ಟೀವಿ ಮಾತ್ರ ಮಾತಾಡಿತು.
"ಚಿಪ್ಪಿದ್ದರೆ ಟಕ್ ಅನ್ನಬೇಕಿತ್ತು" ಅಂದಳು,
"ಮರದ ಪೆಟ್ಟಿಗೆ ತಾನೇ? ನನಗೂ ಕೇಳಿಸಿತು.
ಹೋಗು, ಕಪ್ಪೆಚಿಪ್ಪು ಒಣಗಿಸಿ ಕುಟ್ಟು,
ನಾಳೆಯಿಂದ ದಿನಾ ಒಂದು ಹಿಡಿ ಹಾಕು. ಸುಳ್ಳ."
ಸುಳ್ಳ ಅನ್ನುವಾಗ ನಗುತ್ತಿದ್ದಳು ಅನಿಸುತ್ತೆ.
ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ.

ಮಧ್ಯರಾತ್ರಿ ಅಂಗಳದಲ್ಲಿ ಕೂತು ಸುತ್ತಿಗೆಯಿಂದ ಕುಟ್ಟಿದೆ.
ಒಂದೊಂದು ಚೂರಿನ ಒಳಮೈಗೂ ತುಸು ನೀಲಿ.
ಇಲ್ಲಿಂದಲ್ಲ ಆ ಬಣ್ಣ ಬರುವುದು, ಗೊತ್ತಿದೆ;
ಆದರೂ ನೀಲಿ ಚೂರನ್ನು ಆರಿಸಿ ಬೇರೆ ಇಟ್ಟೆ.

ಬೆಳಗ್ಗೆ ನೋಡಿದರೆ ವಿಧವೆ ಪೆಟ್ಟಿಗೆಯ ಹೊರಗೆ,
ಗರಿ ಒಣಗಿ, ನನ್ನ ಬೂಟಿನ ದಾರ ಎಳೆಯುತ್ತಿದ್ದಾಳೆ.
ಒಲೆಕಟ್ಟೆಯ ತಟ್ಟೆಯಲ್ಲಿಟ್ಟಿದ್ದ ತೊಗಲುಮೊಟ್ಟೆ ಖಾಲಿ.
ಕೊಕ್ಕಿನ ತುದಿಗೆ ಹಳದಿ.

ಅವಳಿಗಿನ್ನೂ ಹೇಳಿಲ್ಲ.
ಆ ಮರದ ಮೊಟ್ಟೆ ಎಲ್ಲಿಟ್ಟೆನೋ,
ಹುಡುಕುತ್ತಿದ್ದೇನೆ.