ಎರಡೂವರೆ ಅಂಕ

ಭಾನುವಾರ ಬೆಳಗ್ಗೆ ಎಂಟಕ್ಕೆ, ಕೇರ್ ಹೋಮಿನ ರಾತ್ರಿಪಾಳಿ ಮುಗಿಸಿ
ಬರ್ಸ್ಲೆಮ್ಮಿನ ಅಡುಗೆಮನೆಯಲ್ಲಿ ಷೂ ಕೂಡ ಬಿಚ್ಚದೆ ಕೂರುತ್ತೇನೆ.
ಅಲ್ಲಿ ಹೆನಾನಿನಲ್ಲಿ ಸಂಜೆ ನಾಲ್ಕು.
ಹಾಸ್ಟೆಲಿನವರು ವಾರಕ್ಕೊಮ್ಮೆ ಫೋನು ಕೈಗೆ ಕೊಡುವ ಹೊತ್ತು.
ನಲವತ್ತು ನಿಮಿಷ. ಅದರಲ್ಲಿ ಅಮ್ಮನಿಗೆ ಹತ್ತು, ನನಗೆ ಮೂವತ್ತು.

ಹುಡುಗಿಯ ಹೆಸರು ನೀ ಷುವಾಂಗ್.
ನೀ ಅನ್ನುವುದು ಮನೆತನ. ಮೊದಲ ದಿನ ನಕ್ಕುಬಿಟ್ಟೆ:
ನಮ್ಮಲ್ಲಿ ನೀ ಅಂದರೆ ನೀನೇ!
ನಮ್ಮಲ್ಲೂ ಹಾಗೇ ಆಂಟಿ, ಅಂದಳು,
ರಾಗ ಸ್ವಲ್ಪ ಬೇರೆ.
ಷುವಾಂಗ್ ಅಂದರೆ ಹೆಪ್ಪುಗಟ್ಟಿದ ಇಬ್ಬನಿಯಂತೆ.
ನಾನು ಹುಟ್ಟಿದ ಸಿರುಗುಪ್ಪದಲ್ಲಿ ಅದಕ್ಕೊಂದು ಪದವೇ ಬೇಕಾಗಿರಲಿಲ್ಲ.

ಜೂನ್ ಎಂಟರ ಮಧ್ಯಾಹ್ನ ಅವಳ ಪರೀಕ್ಷೆ.
ನಾಲ್ಕು ಪಾಠ, ಹದಿನೈದು ಪ್ರಶ್ನೆ, ಒಂದಕ್ಕೆ ಎರಡೂವರೆ.
ಅರ್ಧ ಅಂಕದ ಮೇಲೆ ಒಂದು ಊರಿನಷ್ಟು ಮಕ್ಕಳು ನಿಂತಿರುತ್ತಾರೆ
ಎಂದು ಅವಳ ಮೇಷ್ಟ್ರು ಹೆದರಿಸುತ್ತಾರಂತೆ.
ಇಂಗ್ಲೆಂಡ್ ಎಂದರೆ ಅವಳಿಗೆ ಪಾಠದೊಳಗಿನ ಊರು:
ಎಲ್ಲರೂ ನಾಯಿ ಹಿಡಿದು ನಡೆಯುತ್ತಾರೆ, ಎಲ್ಲರೂ ಸ್ವಯಂಸೇವಕರು,
ಕೊನೆಯ ಪ್ಯಾರಾದಲ್ಲಿ ಎಲ್ಲರಿಗೂ ಏನೋ ಒಂದು ಅರ್ಥವಾಗುತ್ತದೆ.
ನಮ್ಮ ಬೀದಿಯಲ್ಲಿ ಯಾರಿಗೂ ಅಷ್ಟು ಬೇಗ ಏನೂ ಅರ್ಥವಾಗಿಲ್ಲ.

ಅಭ್ಯಾಸದ ಪಾಠ ಬರೆಯುವವಳೂ ನಾನೇ.
ಮ್ಯಾಂಚೆಸ್ಟರಿನ ಕಂಪನಿ ಒಂದಕ್ಕೆ ಹನ್ನೆರಡು ಪೌಂಡು ಕೊಡುತ್ತದೆ.
ಕರಾರು: ಮುನ್ನೂರಿಪ್ಪತ್ತು ಪದ. ಸಾವು ಬೇಡ, ದೇವರು ಬೇಡ,
ರಾಜಕೀಯ ಬೇಡ. ಕೊನೆಗೆ ಒಂಚೂರು ಆಶಾವಾದ ಇರಲಿ.

ಇವತ್ತಿನದು ಸಿ ಪಾಠ. ಪಕ್ಕದ ಮನೆಯ ಡೋರೀನ್
ಬೇಲಿಯ ಬುಡದಲ್ಲಿ ಗೇಣಗಲದ ಕಂಡಿ ಕೊರೆದ ಕತೆ,
ಹೆಜ್‌ಹಾಗ್ ಎಂಬ ಪ್ರಾಣಿ ಓಡಾಡಲೆಂದು.
(ಮುಳ್ಳುಹಂದಿ ಅಲ್ಲ, ಅದು ದೊಡ್ಡದು. ಇದು
ಮುಳ್ಳು ಹೊದ್ದ ಹೆಗ್ಗಣ ಅನ್ನಬಹುದು.
ಡೋರೀನಿಗೆ ಮಾತ್ರ ಹೇಳಬೇಡಿ.)

ಪ್ರಶ್ನೆ ಇಪ್ಪತ್ತೊಂಬತ್ತು. ಅವಳು ಕಂಡಿ ಕೊರೆದದ್ದು ಏಕೆ?
ಎ. ನೆರೆಯವರ ಮೇಲಿನ ಸಿಟ್ಟಿಗೆ.
ಬಿ. ಯಾರಾದರೂ ಬರಲಿ ಎಂದು.
ಸಿ. ವನ್ಯಜೀವಿಗಳಿಗೆ ನೆರವಾಗಲು.
ಡಿ. ಬೇಲಿ ಹಳೆಯದಾಗಿತ್ತು ಎಂದು.

ಬಿ, ಅಂದಳು ಷುವಾಂಗ್.
ಯಾಕೆ?
ಎರಡನೇ ಪ್ಯಾರಾದಲ್ಲಿ ಅವರು ಎರಡು ಕಪ್ಪು ತೆಗೆಯುತ್ತಾರೆ, ಆಂಟಿ,
ಆಮೇಲೆ ಒಂದನ್ನು ಒಳಗಿಡುತ್ತಾರೆ.

ಸುಮ್ಮನಾದೆ.
ಕೆನ್ ತೀರಿಕೊಂಡ ನವೆಂಬರನ್ನು ನಾನೇ ಅಳಿಸಿದ್ದೆ, ಕರಾರಿನಂತೆ.
ಆಂಬುಲೆನ್ಸು ಅಳಿಸಿದೆ, ಗೂಟದ ಮೇಲಿನ ಅವನ ಟೋಪಿ ಅಳಿಸಿದೆ,
ಚಳಿಯಲ್ಲಿ ಮಂಡಿಯೂರಿ ಗರಗಸ ಎಳೆಯುತ್ತಿದ್ದವಳಿಗೆ
ಬಿಡಿ, ನಾನು ಮಾಡ್ತೀನಿ ಎಂದ ನನ್ನನ್ನೂ ಅಳಿಸಿದೆ.
ಎರಡನೇ ಕಪ್ಪೊಂದು ಹೇಗೋ ನುಸುಳಿಬಿಟ್ಟಿದೆ.
ಬಿ ಬರೆದದ್ದೂ ನಾನೇ. ತಪ್ಪು ಉತ್ತರ ನಿಜದ ಹಾಗೆ ಕಾಣಬೇಕು,
ಕಸುಬೇ ಅದು.

ಸಿ ಸರಿ, ಅಂದೆ, ಟೀಚರಿನ ದನಿ ತಂದುಕೊಂಡು.
ಪಾಠದಲ್ಲಿ ಇರುವುದಷ್ಟೇ ಉತ್ತರ. ಮನೆಯಿಂದ
ಬುತ್ತಿ ಕಟ್ಟಿಕೊಂಡು ಬರಬೇಡ.
ಅವಳು ಪೆನ್ನಿನಲ್ಲಿ ಗೀಟು ಹೊಡೆದ ಸದ್ದು ಇಲ್ಲಿಗೂ ಕೇಳಿಸಿತು.

ನಾಲ್ಕು ನಿಮಿಷ ಉಳಿದಿತ್ತು.
ಆಂಟಿ, ಅದು ಬಂತಾ?
ಯಾವುದು?
ಹೆಜ್‌ಹಾಗು.

ಪಾಠದಲ್ಲಿಲ್ಲ, ಅನ್ನಬೇಕಿತ್ತು.
ಇರು, ಅಂದು ಫೋನು ಹಿಡಿದು ಹಿತ್ತಲಿಗೆ ಇಳಿದೆ.
ಮಾರ್ಚಿ ತಿಂಗಳಾದರೂ ಹುಲ್ಲಿನ ಮೇಲೆಲ್ಲ ಅವಳ ಹೆಸರು.
ಬಗ್ಗಿ, ಕಂಡಿಗೆ ಕ್ಯಾಮೆರಾ ತೋರಿಸಿದೆ.
ಆಚೆ ಕತ್ತಲಲ್ಲ; ಮಾಸಿದ ನೀಲಿ ಚಪ್ಪಲಿಯ ತುದಿ,
ಒಂದು ತಟ್ಟೆ, ತಟ್ಟೆಯಲ್ಲಿ ಬೆಕ್ಕಿನ ಬಿಸ್ಕತ್ತು.

ಯಾರದು? ಅಂದಿತು ಬೇಲಿ.

ನೀ, ಅಂದೆ.
ಪರದೆ ಆಗಲೇ ಕಪ್ಪಾಗಿತ್ತು.